ಕಲೆ ಬೀಳದ ಎಣ್ಣೆ

ಮಾರ್ಚ್ 3, ಬೆಳಿಗ್ಗೆ

ಕಾಫಿ ಆಯಿತು. ಅಲಮೇಲು ದೇವರ ಮನೆಗೆ ಹೋದಳು. ಮೇಜಿನ ಮೇಲೆ ನಾಲ್ಕು ಎಣ್ಣೆ — ತೆಂಗು, ಎಳ್ಳು, ಸಾಸಿವೆ, ಕಮರ್ಷಿಯಲ್ ಸ್ಟ್ರೀಟಿನಿಂದ ತಂದ ಲ್ಯಾವೆಂಡರ್ ಮಸಾಜ್ ಆಯಿಲ್. ಒಂದೊಂದನ್ನೂ ಬೆರಳಿಗೆ ಹಚ್ಚಿ, ಸೋಪು ಹಾಕಿ ತೊಳೆದು, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಒತ್ತಿ ನೋಡಿದೆ. ಎಳ್ಳೆಣ್ಣೆಯದು ದೊಡ್ಡ ಕಲೆ. ಲ್ಯಾವೆಂಡರಿನದು ಗುರುತೇ ಇಲ್ಲ.

ಅವಳ ಬಲ ಭುಜ ಬಿಗಿದುಕೊಂಡಿದೆ. ತಲೆ ಬಾಚಿಕೊಳ್ಳಲೂ ಆಗದು. ಪುಲಿಕೇಶಿನಗರದ ಫಿಸಿಯೋಥೆರಪಿಸ್ಟ್ ರಿಮ್ಶಾ, ಹೊರಡುವಾಗ ನನ್ನೊಬ್ಬನಿಗೆ ಹೇಳಿದ್ದು: “ವ್ಯಾಯಾಮಕ್ಕೆ ಮುಂಚೆ ಸ್ವಲ್ಪ ತಿಕ್ಕಿ ಅಂಕಲ್. ಯಾವ ಎಣ್ಣೆ ಬೇಕು ಅಂತ ಆಂಟೀನೇ ಕೇಳಿ.”

ತಿಕ್ಕಿದ ಮೇಲೆ ಅವಳಿಗೆ ವ್ಯಾಯಾಮ, ನನಗೆ ಓದು. ಪೋಲಿಷ್ ಕಾದಂಬರಿಯ ಅನುವಾದ, ಹೊಸ ಪ್ರತಿ. ಪುಟಗಳಿಗೆ ಬೆರಳಿನ ಎಣ್ಣೆ ತಾಗಬಾರದು.

“ರಿಮ್ಶಾ ಇದನ್ನೇ ಹೇಳಿದ್ದು” ಎಂದು ಲ್ಯಾವೆಂಡರ್ ಬಾಟಲಿ ತೋರಿಸಿದೆ.

ಮೂಸಿದಳು. “ಇದೇನ್ರೀ, ಬಾತ್‌ರೂಮಿಗೆ ಇಡೋ ಸೆಂಟ್ ಥರ ಇದೆ!”

ಮಾರ್ಚ್ 9

ಪುಟಗಳು ಸ್ವಚ್ಛ. ತಿಕ್ಕುವಾಗ ಹಲ್ಲು ಕಚ್ಚಿ ಕೂರುತ್ತಾಳೆ. ನೋವಿರಬೇಕು. ಕೇಳಲಿಲ್ಲ.

ಮಾರ್ಚ್ 24

ಇನ್ನು ಮೇಲೆ ತಾನೇ ಹಚ್ಚಿಕೊಳ್ಳುತ್ತಾಳಂತೆ. ಸರಿ ಎಂದೆ — ತಕ್ಷಣವೇ ಎಂದೆ. ಈ ಸೆಕೆಯಲ್ಲೂ ಉದ್ದ ತೋಳಿನ ರವಿಕೆ ಯಾಕೋ. ಇವತ್ತು ಎರಡು ಅಧ್ಯಾಯ ಮುಗಿಯಿತು.

ಏಪ್ರಿಲ್ 2, ಮಧ್ಯಾಹ್ನ

ಕ್ಲಿನಿಕ್ಕಿನಲ್ಲಿ ರಿಮ್ಶಾ ಅವಳ ರವಿಕೆಯ ತೋಳು ಮೇಲೆ ಸರಿಸಿದಳು. ಭುಜದಿಂದ ಮೊಣಕೈವರೆಗೆ ಕೆಂಪು ಗಂದೆ, ಕೆರೆದ ಗಾಯ. ಬಗ್ಗಿ ಮೂಸಿದಳು.

“ಏನ್ ಹಚ್ತಿದ್ರಿ ಆಂಟಿ? ಇಷ್ಟು ಸೆಂಟ್ ಇರೋ ಎಣ್ಣೆ ನಾನ್ ಯಾರಿಗೂ ಹೇಳಲ್ಲ.”

ಅಲಮೇಲು ಒಮ್ಮೆ ನನ್ನತ್ತ ನೋಡಿದಳು. ಆಮೇಲೆ ನಕ್ಕಳು. “ನಂದೇ ತಪ್ಪಮ್ಮಾ. ವಾಸ್ನೆ ಚೆನ್ನಾಗಿದೆ ಅಂತ ಹಟ ಮಾಡಿ ತರಿಸ್ಕೊಂಡೆ.”

ನಾನು ಗೋಡೆಯ ಮೇಲಿದ್ದ ಎಲುಬುಗಳ ಚಿತ್ರ ನೋಡುತ್ತ ನಿಂತೆ. ಒಂದು ಮಾತು ಸಾಕಿತ್ತು. ಆಟೋದಲ್ಲಿ ಅವಳು ಬೈದಿದ್ದರೆ ಒಳ್ಳೆಯದಿತ್ತು.

ಏಪ್ರಿಲ್ 13, ಸಂಜೆ

ಹತ್ತು ದಿನ ಬರೆಯಲು ನಾಚಿಕೆ. ಓದಲೂ ಇಲ್ಲ.

ಗಂದೆ ಮಾಯವಾಗಿದೆ. ಮತ್ತೆ ತಿಕ್ಕಬಹುದೆಂದಳು ರಿಮ್ಶಾ. “ಎಣ್ಣೆ ತರೋಕೆ ನಾನೂ ಬರ್ತೀನಿ” ಎಂದು ಅಲಮೇಲು ಚಪ್ಪಲಿ ಮೆಟ್ಟಿದಳು. ಶಿವಾಜಿನಗರದಲ್ಲಿ ಅಫ್ಜಲ್‌ನ ಎಣ್ಣೆ ಅಂಗಡಿ. ಒಂದೊಂದನ್ನೂ ಎಡಗೈಗೆ ಹಚ್ಚಿಸಿಕೊಂಡು ಮೂಸಿದಳು. ನಾನು ಹಿಂದೆ ನಿಂತಿದ್ದೆ.

“ಸಾರ್ ಯಾಕೆ ಸ್ಕೂಲ್‌ನಲ್ಲಿ ಪನಿಶ್‌ಮೆಂಟ್ ಸಿಕ್ಕಿದೋರ ಥರ ನಿಂತವ್ರೆ?” ಎಂದ ಅಫ್ಜಲ್.

“ಅದು ಬಿಡಪ್ಪಾ. ಎಳ್ಳೆಣ್ಣೆ ಕೊಡು. ಇವ್ರ ಪುಸ್ತಕಕ್ಕೆ ಆಗಲ್ಲ. ಆದ್ರೂ ಕೊಡು.”

ಅವಳಿಗೆ ಗೊತ್ತಿತ್ತು. ಕ್ಯಾಲೆಂಡರಿನ ಹಾಳೆ ಕಂಡಿರಬೇಕು. ಗೊತ್ತಿದ್ದೇ ಅಷ್ಟು ದಿನ ತೋಳು ಚಾಚಿ ಕೂತಳು. ಗೊತ್ತಿದ್ದೇ ಆ ಹುಡುಗಿಯ ಮುಂದೆ ನನ್ನನ್ನು ಉಳಿಸಿದಳು.

ಒಲೆಯ ಮೇಲೆ ಎಣ್ಣೆ ಬೆಚ್ಚಗಾಗುತ್ತಿದೆ. ತಪ್ಪಾಯಿತು ಎನ್ನಲು ಮನಸ್ಸಿನಲ್ಲೇ ವಾಕ್ಯ ತಿದ್ದುತ್ತಿದ್ದೇನೆ. ಎಲ್ಲವೂ ಯಾವುದೋ ಭಾಷೆಯಿಂದ ಅನುವಾದಿಸಿದ ಹಾಗೆ ಕೇಳಿಸುತ್ತವೆ.

ಕರೆಯುತ್ತಿದ್ದಾಳೆ. “ರೀ, ಬರೆದದ್ದು ಸಾಕು, ಎಣ್ಣೆ ಕಾದೋಯ್ತು.”

ಹೋಗಿ ಮೊದಲು ಹೇಳಬೇಕು — ಅಲಮೇಲು, ನಾನು...