ಹೊಸ ರಾಜ್ಯದ ಮೊದಲ ವಿಧವೆ

ಎಫ್ರೇಮ್, ಯೂಟಾ
೧೬ ಜನವರಿ ೧೮೯೬

ಮುದ್ದಿನ ಮಗಳೇ ಅನೀನೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು, ಬೇಸರಿಸಬೇಡ. ಲೋಗನ್ನಿನ ಚಳಿಯಲ್ಲಿ ಉಣ್ಣೆ ಕಾಲುಚೀಲ ಹಾಕಿಕೊಂಡೇ ಶಾಲೆಗೆ ಹೋಗುತ್ತೀಯಲ್ಲವೇ? ನಾನು ಕ್ಷೇಮ. ಕೆಂಪು ಹಸು ಕರು ಹಾಕಿದೆ. ಕೋಪ ಇಳಿದ ಮೇಲೆ ಬರೆಯೋಣವೆಂದು ಕಾದೆ. ಅದು ಇಳಿಯುವಂತೆ ಕಾಣಲಿಲ್ಲ, ಅದಕ್ಕೇ ಈಗ ಕೂತಿದ್ದೇನೆ.

ಯೂಟಾ ರಾಜ್ಯವಾಯಿತು. ಒಂದು ಕಾಲಕ್ಕೆ ನಮ್ಮ ಮಾರ್ಮನ್ ಮತದ ಹಿರಿಯರು ಹೇಳಿದ್ದೇ ಇಲ್ಲಿ ಕಾನೂನಾಗಿತ್ತು. ಇನ್ನು ಗವರ್ನರು, ಶಾಸನಸಭೆ, ಅಮೆರಿಕದ ಬಾವುಟದಲ್ಲಿ ನಮ್ಮದೂ ಒಂದು ನಕ್ಷತ್ರ. ನಿನ್ನ ಅಪ್ಪ ಆ ಮೊದಲ ಸಭೆಯ ಸದಸ್ಯರು. ಹೆಂಗಸರಿಗೂ ಓಟು ಕೊಟ್ಟಿದ್ದಾರೆ. ಬದಲಿಗೆ ವಾಷಿಂಗ್ಟನ್ನಿನ ಸರ್ಕಾರ ಕೇಳಿದ್ದು ನಿನಗೆ ಗೊತ್ತೇ ಇದೆ: ಗಂಡಸಿಗೆ ಇನ್ನು ಒಬ್ಬಳೇ ಹೆಂಡತಿ, ಉಳಿದವರು ಲೆಕ್ಕಕ್ಕಿಲ್ಲ. ಕಾಫಿ ಬಿಡಿ ಎಂದು ದೇವರೇ ಹೇಳಿದಾಗ ಡೆನ್ಮಾರ್ಕಿನಿಂದ ಬಂದ ನಮ್ಮವರು ಬಿಡಲಿಲ್ಲ. ಹೆಂಡತಿಯನ್ನು ಬಿಡಿ ಎಂದು ವಾಷಿಂಗ್ಟನ್ ಹೇಳಿದರೆ ಬಿಟ್ಟುಬಿಟ್ಟರು.

ಹೊಸ ಸರ್ಕಾರದ ಪ್ರಮಾಣವಚನಕ್ಕೆ ನಾನು ಹೋಗುವವಳಿರಲಿಲ್ಲ. ನಿನ್ನ ಮರೆನ್ ದೊಡ್ಡಮ್ಮ ಬಿಡಲಿಲ್ಲ. ಮೊದಲ ಹೆಂಡತಿ ತಾನೇ ಬಂದು ಕರೆದರೆ ಎರಡನೆಯವಳು ಹೇಗೆ ಒಲ್ಲೆ ಎನ್ನಲಿ? ಸಾಲ್ಟ್ ಲೇಕಿನ ಪ್ರಾರ್ಥನಾ ಮಂದಿರದ ಸೂರಿನ ತುಂಬ ಬಾವುಟ ಕಟ್ಟಿದ್ದರು. ಅಪ್ಪ ಹೊಸ ಕೋಟು ತೊಟ್ಟಿದ್ದರು. ಅದರ ಗುಂಡಿ ಹೊಲಿದವಳು ನಾನು.

ಎಲ್ಲ ಮುಗಿದು ಮೆಟ್ಟಿಲಿಳಿಯುವಾಗ ಒಬ್ಬ ಜಡ್ಜು ಕೈಕುಲುಕಲು ಬಂದರು. ನಮ್ಮ ಮತದವರಲ್ಲ. ದೊಡ್ಡಮ್ಮನಿಗೆ ವಂದಿಸಿ, ನನ್ನ ಕಡೆ ತಿರುಗಿ ಇವರು ಯಾರೆಂದು ಕೇಳಿದರು. ನೀನು ಚಿಕ್ಕವಳಿದ್ದಾಗ ಎರಡು ಮದುವೆಯ ಮೊಕದ್ದಮೆಯಲ್ಲಿ ಇದೇ ಪ್ರಶ್ನೆಯನ್ನು ಕೋರ್ಟಿನಲ್ಲಿ ಕೇಳಿದ್ದರು. ಆಗ ನಿನ್ನ ಅಪ್ಪ ತಲೆಯೆತ್ತಿ "ನನ್ನ ಹೆಂಡತಿ" ಎಂದು ಹೇಳಿ, ಪಟ್ಟೆ ಬಟ್ಟೆ ತೊಟ್ಟು ಜೈಲಿಗೆ ಹೋದರು. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಬದುಕಿದ್ದೇನೆ.

ಈಗ ಅವರು ಕೋಟಿನ ಗುಂಡಿ ಹಿಡಿದು ತಿರುವುತ್ತ ನಿಂತರು. ದೊಡ್ಡಮ್ಮ ನೆಲ ನೋಡಿದಳು. ನಾನೇ ಹೇಳಿದೆ: "ಪಕ್ಕದ ಮನೆಯವಳು ಸ್ವಾಮಿ. ವಿಧವೆ."

ನಿನ್ನ ಅಪ್ಪ ಅಲ್ಲವೆಂದು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹುಲ್ಲಿನ ಹೊರೆ ಇಳಿಸಿದವರಂತೆ ಉಸಿರು ಬಿಟ್ಟರು. "ಹೌದು, ಪಾಪ. ತುಂಬಾ ಒಳ್ಳೆ ಹೆಂಗಸು" ಅಂದರು.

ರೈಲಿನಲ್ಲಿ ದೊಡ್ಡಮ್ಮ ಅತ್ತಳು. ಅವರಾದರೂ ಏನು ಮಾಡಿಯಾರು, ರಾಜ್ಯ ನಿಲ್ಲಬೇಕಲ್ಲ ತಂಗಿ ಅಂದಳು.

"ನಿಲ್ಲಲಿ ಅಕ್ಕ," ಅಂದೆ. "ಯಾರ ತಲೆ ಮೇಲೆ ನಿಂತಿದೆ ಅಂತ ಒಂದ್ಸಲ ಬಗ್ಗಿ ನೋಡಲಿ, ಅಷ್ಟೇ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ನೀನೂ ಮುನಿಯಬೇಡ, ಅವಳಿಗೆ ಒಂದು ಕಾಗದ ಹಾಕು. ಚೆನ್ನಾಗಿ ಓದು. ನಿನ್ನನ್ನು ಮದುವೆಯಾಗುವವನು ನಾಲ್ಕು ಜನರೆದುರು ನಿನ್ನ ಹೆಸರು ಹೇಳುವಂಥವನಾಗಲಿ. ದೇವರಲ್ಲಿ ನಾನು ಬೇಡುವುದು ಇಷ್ಟೇ.

ನಿನ್ನ ಅಮ್ಮ,
ಡೊರ್ಥೆಯಾ

ಮರೆತ ಮಾತು: ನಿನ್ನೆ ಸಾಲ್ಟ್ ಲೇಕಿನಿಂದ ಅಪ್ಪ ನನಗೊಂದು ಗಂಟು ಕಳಿಸಿದ್ದಾರೆ. ಬಿಚ್ಚಿದರೆ ಕಪ್ಪು ಬಟ್ಟೆ, ವಿಧವೆಯರು ತೊಡುವಂಥದ್ದು, ಒಳ್ಳೆಯ ನೇಯ್ಗೆ. ನಾಲ್ಕು ಜನ ನೋಡುತ್ತಾರೆ, ಇನ್ನು ಇದನ್ನೇ ತೊಡು ಎಂದು ಹೇಳಿ ಕಳಿಸಿದ್ದಾರೆ. ಹೊಲಿದು ಮುಗಿಸಿದೆ. ಭಾನುವಾರ ಅವರು ಊರಿಗೆ ಬರುತ್ತಾರೆ. ನಾನು ಅದನ್ನೇ ತೊಟ್ಟು ಪ್ರಾರ್ಥನೆಗೆ ಹೋಗುತ್ತೇನೆ. ಯಾರು ತೀರಿಕೊಂಡರು ಡೊರ್ಥೆಯಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೈ ಮಾಡಿ ತೋರಿಸುತ್ತೇನೆ: ಅಗೋ, ಮುಂದಿನ ಸಾಲಿನಲ್ಲಿ ಕೂತಿದ್ದಾನೆ.