ಕೂರುವಷ್ಟು ಗೋಡೆ

ಜನವರಿ 20, ಮಂಗಳವಾರ. ಹ್ಯಾರೋ, ಲಂಡನ್

ಇವತ್ತೂ ಕಾಲೇಜಿಗೆ ಮೆಟ್ರೊಪಾಲಿಟನ್ ಲೈನ್ ರೈಲು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಎದುರಿನವರು ಫೋನ್ ನೋಡುತ್ತಿದ್ದರು, ಪಕ್ಕದವರು ಕಣ್ಣು ಮುಚ್ಚಿದ್ದರು. ಹೋಗುವಾಗ ಯಾರೊಂದಿಗೂ ಮಾತಿಲ್ಲ, ಬರುವಾಗಲೂ ಇಲ್ಲ. ನಡುವೆ ಕ್ಯಾಂಟೀನಿನ ಹುಡುಗಿಗೊಂದು ಥ್ಯಾಂಕ್ ಯು. ಅದೂ ಗಂಟಲಲ್ಲಿ ಸಿಕ್ಕಿಕೊಂಡು ಹೊರಬಂತು. ಬೆಳಗಿನಿಂದ ಬಳಸದ ದನಿ.

ಪ್ರಬಂಧದ ವಿಷಯ ಒಪ್ಪಿಗೆಯಾಯಿತು. ಯುರೋಪಿನ ಊರುಗಳಲ್ಲಿ ದುಡ್ಡು ಕೊಡದೆ ಕೂರಬಹುದಾದ ಜಾಗಗಳು — ಮೆಟ್ಟಿಲು, ಕಾರಂಜಿಯ ಅಂಚು, ಚರ್ಚಿನ ಬುಡದ ಕಲ್ಲು. ನಿನ್ನ ಭಾಷೆಯಲ್ಲಿ ಇದಕ್ಕೆ ಪದ ಇದೆಯೇ ಎಂದು ಟ್ಯೂಟರ್ ಕೇಳಿದರು. ಕಟ್ಟೆ ಅಂದೆ. ಎರಡು ಸಲ ಹೇಳಿಸಿಕೊಂಡರು. ಧಾರವಾಡದಲ್ಲಿ ನಾನು ಯಾವ ಕಟ್ಟೆಯ ಮೇಲೂ ಕೂತವಳಲ್ಲ ಎಂದು ಮಾತ್ರ ಹೇಳಲಿಲ್ಲ. ನಮ್ಮ ಓಣಿಯಲ್ಲಿ ಕೂರುವವರು ಗಂಡಸರು. ನಾವು ತಲೆ ತಗ್ಗಿಸಿ, ಅಲ್ಲಿ ಬಂದಾಗ ಸ್ವಲ್ಪ ಬೇಗ ನಡೆಯುವವರು.

ತರಗತಿಯಲ್ಲಿ ಉಳಿದವರೆಲ್ಲ ಆರ್ಕಿಟೆಕ್ಟರು. ಪೆನ್ಸಿಲ್ ಊರಿದರೆ ಕಟ್ಟಡ ಎದ್ದು ನಿಲ್ಲುತ್ತದೆ. ನನ್ನದು ಇಂಗ್ಲಿಷ್ ಎಂ.ಎ. ವಾಸ್ತುಶಿಲ್ಪದ ಇತಿಹಾಸ ಓದಲು ಅಷ್ಟು ಸಾಕೆಂದು ಸೇರಿಸಿಕೊಂಡಿದ್ದಾರೆ. ನನ್ನ ಗೆರೆ ಇನ್ನೂ ನಡುಗುತ್ತದೆ.

ಮನೆಗೆ ಬಂದಾಗ ಆಯಿ ಮುಂದಿನ ಗೋಡೆಯ ಮೇಲೆ. ಇಳಕಲ್ ಸೀರೆ, ಮೇಲೆ ಮಗನ ಹಳೆಯ ಕೋಟು, ತಲೆಗೆ ಮೊಮ್ಮಗಳ ಗುಲಾಬಿ ಟೋಪಿ.

“ಬಂದ್ಯಾ? ಕುಂಡ್ರು.”

ಕೂತೆ.

ಜನವರಿ 25, ಭಾನುವಾರ

ಆಯಿ ಅಂದರೆ ಬಸಲಿಂಗವ್ವ, ಶಶಿಧರಣ್ಣನ ತಾಯಿ. ವಿಜಯಪುರದ ಕಡೆಯವರು. ಶಶಿಧರಣ್ಣ ಅಪ್ಪನ ಗೆಳೆಯರ ಮಗ, ಆ ಪರಿಚಯಕ್ಕೆ ನನಗೆ ಮಹಡಿಯ ಸಣ್ಣ ಕೋಣೆ ಕೊಟ್ಟಿದ್ದಾರೆ. ಅವರದು ಫೆಲ್ಥಮ್‌ನಲ್ಲಿ ವಿಮಾನದ ಸರಕಿನ ಕೆಲಸ, ಅವರ ಹೆಂಡತಿ ಸುವರ್ಣಾ ವೈನಿಯದು ಅಕ್ಸ್‌ಬ್ರಿಡ್ಜ್‌ನ ಆಫೀಸು. ಮಗಳು ಸಿರಿಶಾ ಶಾಲೆಗೆ. ಹಗಲೆಲ್ಲ ಆಯಿ ಒಬ್ಬರೇ.

ಗೋಡೆ ಅಂದರೂ ಮೊಣಕಾಲೆತ್ತರದ ಇಟ್ಟಿಗೆ ಸಾಲು. ಬೀದಿಗೂ ಮನೆ ಮುಂದಿನ ನಾಲ್ಕು ಗಿಡಗಳಿಗೂ ನಡುವೆ. ಸಂಜೆಯಾದರೆ ಆಯಿ ಅಲ್ಲಿ. ನಾಯಿ ತಿರುಗಿಸುವವರು, ಶಾಲೆ ಬಿಟ್ಟ ಮಕ್ಕಳು, ಪಾರ್ಸೆಲ್ ವ್ಯಾನಿನವ. ಎಲ್ಲರಿಗೂ ತಲೆದೂಗುತ್ತಾರೆ. ಅವರೂ ದೂಗುತ್ತಾರೆ. ಭಾಷೆ ಬೇಕಾಗಿಲ್ಲ.

ಇವತ್ತು ಕೇಳಿದೆ, ಊರಲ್ಲೂ ಹೀಗೇ ಕಟ್ಟೆ ಮೇಲೆ ಕೂರುತ್ತಿದ್ದಿರಾ ಅಂತ.

“ಎಲ್ಲೀದವಾ. ನಮ್ಮ ಕಟ್ಟಿ ಮ್ಯಾಲೆ ಮಾವನವರು, ಅವರ ಮಂದಿ. ನಾವು ತಲಬಾಗಲ ಹಿಂದ. ಚಾ ಕೊಡಾಕ ಅಷ್ಟ ಕೈ ಹೊರಗ.” ಕೋಟನ್ನು ಮೈಗೆ ಎಳೆದುಕೊಂಡು, “ಮೈಯೆಲ್ಲಾ ಹೊರಗ ಬಂದದ್ದು ಇಲ್ಲೇ.”

ಕಿಟಕಿಯಿಂದ ಸಿರಿಶಾ, “ಆಯಿ, ಇಟ್ಸ್ ಫ್ರೀಜಿಂಗ್. ಕಮ್ ಇನ್.”

“ನೀ ಬಾ ಹೊರಗ. ಟೋಪಿ ನಂದ ಐತಿ, ಅದನ್ನ ಕೇಳಬ್ಯಾಡ.”

ಫೆಬ್ರವರಿ 4, ಬುಧವಾರ

ಊಟದ ಹೊತ್ತಿಗೆ ಶಶಿಧರಣ್ಣ ತಡವಾಗಿ ಬಂದರು. ಮುಖ ಸೋತಿತ್ತು. ಕಾರಿಗೆ ಇವತ್ತೂ ಜಾಗ ಸಿಗದೆ ಎಲ್ಲೋ ಆಚೆ ಓಣಿಯಲ್ಲಿ ಬಿಟ್ಟು ನಡೆದು ಬಂದಿದ್ದಾರೆ. ಈ ಬೀದಿಯಲ್ಲಿ ಮನೆಗೆ ಎರಡೆರಡು ಕಾರು. ಆಯಿ ಆಗಲೇ ಮಲಗಲು ಹೋಗಿದ್ದರು.

“ಸೌಜನ್ಯಾ, ನೀ ಆರ್ಕಿಟೆಕ್ಚರ್ ಓದಾಕತ್ತಿ ಅಲ್ಲ? ಒಂದು ಸಣ್ಣ ಪ್ಲ್ಯಾನ್ ಹಾಕಿ ಕೊಡವಾ. ಮುಂದಿನ ಗ್ವಾಡಿ ತಗದು, ಗಿಡಾ ತಗದು, ಅಲ್ಲೇ ಗಾಡಿ ನಿಲ್ಲಸೂಣು ಅಂತ. ಕೌನ್ಸಿಲ್‌ಗೆ ಅಳತಿ ಕೊಡಬೇಕಂತ.”

ನಾನು ಓದುವುದು ಇತಿಹಾಸ, ಪ್ಲ್ಯಾನ್ ಹಾಕುವುದಲ್ಲ. ಹೇಳಬಹುದಿತ್ತು. ಆಯಿ ಎಲ್ಲಿ ಕೂರುತ್ತಾರೆ ಎಂದೂ ಕೇಳಬಹುದಿತ್ತು.

“ಹೂನ್ರಿ ಅಣ್ಣಾ” ಅಂದೆ.

ವೈನಿ ತಟ್ಟೆಗೆ ರೊಟ್ಟಿ ಹಾಕುತ್ತ, “ಅತ್ತಿಯವರಿಗೆ ಹೇಳೀರೇನ್ರಿ?”

“ಈಗ ಬ್ಯಾಡ. ಗಿಡಾ ಕೀಳಬ್ಯಾಡಂತ ಹಠಾ ಹಿಡೀತಾಳ. ಆದಮ್ಯಾಲೆ ತಾನ ಹೊಂದಿಕೋತಾಳ. ಸೌಜನ್ಯಾ, ನೀನೂ ಹೇಳಬ್ಯಾಡ.”

ಅದಕ್ಕೂ ಹೂನ್ರಿ ಅಂದೆ.

ಫೆಬ್ರವರಿ 8, ಭಾನುವಾರ

ಟೇಪಿಗೆ ಇಬ್ಬರು ಬೇಕು. ಒಬ್ಬಳೇ ಹಿಡಿದರೆ ಆ ತುದಿ ಜಾರುತ್ತದೆ. ಅಣ್ಣ, ವೈನಿ ಅಂಗಡಿಗೆ ಹೋಗಿದ್ದರು. ನಾನು ಗೋಡೆಯ ಕೊನೆಗೆ ಇಟ್ಟಿಗೆ ಚೂರು ಹೇರಿ ಒದ್ದಾಡುತ್ತಿದ್ದದ್ದನ್ನು ಕಂಡು ಆಯಿ ಬಂದರು.

“ಕೊಡು ಇಲ್ಲಿ. ನಾ ಹಿಡೀತೀನಿ.”

ಬಗ್ಗಿ ಹಿಡಿದರು. ಬಲಗೈ ಹೆಬ್ಬೆರಳು ಸರಿಯಾಗಿ ತುದಿಯ ಮೇಲೆ.

“ನನ್ನ ನಡಾನೂ ಅಳೀತಿ ಏನ? ಅದಕ್ಕ ಟೇಪ್ ಸಾಲಂಗಿಲ್ಲ ನೋಡು.”

ನಕ್ಕೆ. ನಗು ಬಂದದ್ದೇ ತಪ್ಪು.

“ಯಾತಕ್ಕವಾ ಇದು?”

“ಕಾಲೇಜಿಗ್ರಿ, ಆಯಿ.”

“ನಮ್ಮ ಗ್ವಾಡಿ ಕಾಲೇಜಿಗೆ ಹೋಗ್ತದ?” ಹಿಗ್ಗಿದರು. “ಹಂಗಾರ ಛಲೋತ್ನಂಗ ಬರಿ. ಬಸಲಿಂಗವ್ವ ಕುಂಡ್ರೂ ಗ್ವಾಡಿ ಅಂತ ಬರಿ.”

ಬರೆದುಕೊಂಡದ್ದು ಅಳತೆ ಮಾತ್ರ. ಸಂಜೆ ಪ್ಲ್ಯಾನ್ ಮುಗಿಸಿದೆ. ಗೆರೆ ನಡುಗಲಿಲ್ಲ. ನಾನು ಇಲ್ಲಿಗೆ ಬಂದ ಮೇಲೆ ಎಳೆದ ಮೊದಲ ನೆಟ್ಟಗಿನ ಗೆರೆ ಇದು — ಇರುವುದನ್ನು ಇಲ್ಲವೆಂದು ತೋರಿಸಲು.

ಫೆಬ್ರವರಿ 17, ಮಂಗಳವಾರ. ವಿಯೆನ್ನಾ

ತರಗತಿಯ ಜೊತೆ. ಚಳಿ. ಎಲ್ಲ ಕಟ್ಟಡಗಳೂ ಸಮಾರಂಭಕ್ಕೆ ಹೊರಟು ನಿಂತ ಹಾಗಿವೆ, ಹತ್ತಿರ ಹೋಗಿ ಒರಗಲು ಮನಸ್ಸಾಗುವುದಿಲ್ಲ. ಆದರೆ ಬೆಂಚುಗಳು ಬೇಕಾದಷ್ಟು. ನಿಜವಾದ ಬೆಂಚು, ಬೆನ್ನಿಗೆ ಆಸರೆ ಇರುವಂಥದ್ದು. ಲಂಡನ್ನಿನಲ್ಲಿ ಕೂತರೆ ಎಬ್ಬಿಸುತ್ತಾರೇನೋ ಅನ್ನುವ ಅನುಮಾನ. ಇಲ್ಲಿ ಅದಿಲ್ಲ.

ಮಧ್ಯಾಹ್ನ ಕಾರ್ಲ್ ಮಾರ್ಕ್ಸ್ ಹೋಫ್. ಕೆಲಸಗಾರರಿಗೆಂದು ನಗರಸಭೆ ಕಟ್ಟಿಸಿದ ಮನೆಗಳು. ಒಂದೇ ಕಟ್ಟಡ, ನಡೆದಷ್ಟೂ ಮುಗಿಯದು. ದೊಡ್ಡ ಕಮಾನು ದಾಟಿದರೆ ಅಂಗಳ, ಮರ. ಮರದಡಿ ಒಬ್ಬ ಅಜ್ಜಿ ಕೈಗವಸು ತೊಟ್ಟೇ ಕಿತ್ತಳೆ ಸುಲಿಯುತ್ತಿದ್ದಳು. ಎಲ್ಲರೂ ಕಮಾನಿನ ಫೋಟೊ ತೆಗೆದರು. ನಾನು ಅಜ್ಜಿಯನ್ನು ನೋಡಿದೆ. ಬೆಂಚಿನಲ್ಲಿ ಇನ್ನಿಬ್ಬರು ಕೂರುವಷ್ಟು ಜಾಗ. ಹೋಗಿ ಕೂರಲಾಗಲಿಲ್ಲ.

ಫೆಬ್ರವರಿ 18

ಸಂಜೆ ಎಲ್ಲರೂ ಬಾರಿಗೆ ಹೊರಟರು. ಮಾಳವಿಕಾ ಕೋಣೆ ಬಾಗಿಲು ತಟ್ಟಿದಳು. ಬೆಂಗಳೂರಿನವಳು, ಆರ್ಕಿಟೆಕ್ಟ್, ತರಗತಿಯಲ್ಲಿ ಕನ್ನಡ ಬರುವ ಇನ್ನೊಬ್ಬಳು.

“ಬಾರೇ. ಬರೀ ಜ್ಯೂಸ್ ಕುಡಿ, ಯಾರೂ ಏನೂ ಅನ್ನಲ್ಲ.”

“ತಲೆನೋವು.”

“ನಿಂಗೆ ದಿನಾ ಏನಾದ್ರೂ ನೋವೇ ಕಣೇ.” ಸಿಟ್ಟಿರಲಿಲ್ಲ. ಆದರೆ ಇನ್ನೊಮ್ಮೆ ಕರೆಯಲೂ ಇಲ್ಲ.

ಅವಳಿಗೆ ಗೋಡೆಯ ವಿಷಯ ಹೇಳಬೇಕೆಂದು ಬೆಳಗಿನಿಂದ ಇತ್ತು. ಬಾಗಿಲು ಮುಚ್ಚಿದ ಮೇಲೆ ಮಾತು ಸಿಕ್ಕಿತು.

ಮಾರ್ಚ್ 14, ಶನಿವಾರ. ಹ್ಯಾರೋ

ಕೌನ್ಸಿಲ್ ಒಪ್ಪಿದೆಯಂತೆ. ಅಣ್ಣ ಖುಷಿಯಿಂದ ಕೇಸರಿಭಾತ್ ಮಾಡಿಸಿದರು. ಆಯಿ, “ಏನ್ ಹಬ್ಬೋ ಇವತ್ತ?” ಅಂದರು. ಯಾರೂ ಹೇಳಲಿಲ್ಲ. ನಾನೂ ತಿಂದೆ.

ಈಸ್ಟರ್ ಕಳೆದ ಮೇಲೆ ಕೆಲಸ ಶುರು ಅಂದರು. ಇನ್ನೂ ದಿನವಿದೆ. ಹೇಳುತ್ತೇನೆ.

ಸಂಜೆ ಗೋಡೆಯ ಮೇಲೆ ಆಯಿ ತಮ್ಮ ತಂಗಿಯ ಮದುವೆಯ ಕಥೆ ಹೇಳಿದರು. ಕೇಳುತ್ತ ಕೂತೆ.

ಏಪ್ರಿಲ್ 7, ಮಂಗಳವಾರ. ಲಿಸ್ಬನ್

ಒಬ್ಬಳೇ. ಪ್ರಬಂಧಕ್ಕಾಗಿ. ಊರೆಲ್ಲ ಏರು. ಕಾಲುಹಾದಿಯ ಸಣ್ಣ ಬಿಳಿ ಕಲ್ಲುಗಳು ಸವೆದು ಜಾರುತ್ತವೆ. ಮನೆಗಳಿಗೆ ಹೊರಗಡೆಯೇ ಹೂವಿನ ಚಿತ್ತಾರದ ಟೈಲ್ಸ್. ನಮ್ಮಲ್ಲಿ ಬಚ್ಚಲಿಗೆ ಹಾಕುವುದನ್ನು ಇವರು ಬೀದಿಗೆ ತೋರಿಸಿದ್ದಾರೆ, ಚೆಂದವೇ ಇದೆ.

ಗುಡ್ಡದ ತುದಿಯ ಕಟ್ಟೆಯ ಮೇಲೆ ಕೂತೆ. ಕೆಳಗೆ ಕೆಂಪು ಹೆಂಚಿನ ಚಾವಣಿಗಳು, ಆಚೆ ಸಮುದ್ರದಷ್ಟು ಅಗಲದ ನದಿ. ಗಿಟಾರ್ ಬಾರಿಸುವವ, ತಬ್ಬಿಕೊಂಡವರು, ಫೋಟೊದವರು. ಕೂರಲು ಇಷ್ಟು ಒಳ್ಳೆಯ ಜಾಗ ನಾನು ಎಲ್ಲೂ ನೋಡಿಲ್ಲ. ಕತ್ತಲಾಗುವವರೆಗೂ ಇದ್ದೆ. ಯಾರೂ ಬಂದ್ಯಾ ಅನ್ನಲಿಲ್ಲ.

ಏಪ್ರಿಲ್ 9, ಗುರುವಾರ. ಲಿಸ್ಬನ್

ಹಳೆಯ ಬಡಾವಣೆ ಆಲ್ಫಾಮಾದ ಸಂದಿಗಳಲ್ಲಿ ಮುದುಕಿಯರು ಬಾಗಿಲಾಚೆ ಕುರ್ಚಿ ಹಾಕಿ ಕೂತಿರುತ್ತಾರೆ. ಸಂದಿ ಎಷ್ಟು ಕಿರಿದೆಂದರೆ ಅವರು ಮೊಣಕಾಲು ಸರಿಸದೆ ದಾಟಲಾಗದು. ದಾಟುವವರು ನಿಂತು ಏನೋ ಹೇಳುತ್ತಾರೆ. ಅವರು ಏನೋ ಅನ್ನುತ್ತಾರೆ. ನಗು.

ಯೋಚಿಸಿದೆ. ಕಾರು ನಿಂತರೂ ಪಕ್ಕದಲ್ಲಿ ಸ್ವಲ್ಪ ಗೋಡೆ ಉಳಿಸಬಹುದು. ಆಯಿ ಕೂರುವಷ್ಟು. ಪ್ಲ್ಯಾನ್ ತಿದ್ದಿದೆ. ಹೋದ ಕೂಡಲೇ ಅಣ್ಣನಿಗೆ ಇದನ್ನು ತೋರಿಸುವುದು. ಆಮೇಲೆ ಆಯಿಗೆ ಎಲ್ಲ ಹೇಳುವುದು. ಮೊದಲ ವಾಕ್ಯ ಏನು, ಎರಡನೆಯದೇನು ಎಂದು ವಿಮಾನ ನಿಲ್ದಾಣದವರೆಗೂ ಬಾಯಿಪಾಠ.

ಏಪ್ರಿಲ್ 10. ಹ್ಯಾರೋ

ಗೋಡೆ ಇಲ್ಲ.

ಏಪ್ರಿಲ್ 12, ಭಾನುವಾರ

ಕೆಲಸದವನಿಗೆ ಬೇರೆ ಕೆಲಸ ತಪ್ಪಿತಂತೆ, ಒಂದು ವಾರ ಮೊದಲೇ ಬಂದನಂತೆ. ಇಟ್ಟಿಗೆಯೆಲ್ಲ ಬೀದಿ ಬದಿಯ ಸ್ಕಿಪ್ ಎಂಬ ಕಬ್ಬಿಣದ ಕಸದ ತೊಟ್ಟಿಯಲ್ಲಿ. ಮನೆ ಮುಂಗಡೆ ಹಲ್ಲು ಕಿತ್ತ ಬಾಯಿ.

ಮೊನ್ನೆ ಬ್ಯಾಗು ಹಿಡಿದು ಒಳಗೆ ಬಂದಾಗ ಆಯಿ ಸೋಫಾ ಮೇಲಿದ್ದರು. ಟಿ.ವಿ. ಹಚ್ಚಿರಲಿಲ್ಲ. ಅಣ್ಣ ಉತ್ಸಾಹದಲ್ಲಿದ್ದರು.

“ಬಾ ಬಾ. ನೋಡವ್ವಾ, ಇಕಿದ ಎಲ್ಲಾ ಅಳತಿ. ಇಂಚೂ ತಪ್ಪಿಲ್ಲ ಅಂದ ಬಿಲ್ಡರ್.”

ಆಯಿ ನನ್ನನ್ನು ನೋಡಿದರು.

“ಛಲೋ ಅಳದಿ.”

ಅಷ್ಟೇ. ಎದ್ದು ಕೋಣೆಗೆ ಹೋದರು. ಅಣ್ಣನ ನಗು ಸ್ವಲ್ಪ ಹೊತ್ತು ಹಾಗೇ ಮುಖದ ಮೇಲೆ ಉಳಿದಿತ್ತು, ಏನು ಮಾಡಬೇಕೆಂದು ತಿಳಿಯದೆ.

ಏಪ್ರಿಲ್ 26, ಭಾನುವಾರ

ಆಯಿ ನನ್ನೊಡನೆ ಮಾತು ಬಿಟ್ಟಿದ್ದಾರೆ. ರೊಟ್ಟಿ ಹಾಕುತ್ತಾರೆ. ತಟ್ಟೆ ಕಡೆಗೆ ನೋಡಿ ಹಾಕುತ್ತಾರೆ. ಸಂಜೆ ಟ್ಯೂಬ್ ರೈಲು ಇಳಿದು ಬರುವಾಗ ಕಾಲು ತಾನೇ ನಿಧಾನವಾಗುತ್ತದೆ. ಗೋಡೆ ಇದ್ದಲ್ಲಿ ಕಾರು.

ಕೊನೆಗೂ ಅಣ್ಣನಿಗೆ ಹೇಳಿದೆ. ಆಯಿಗೆ ಕೂರಲು ಜಾಗ ಇಲ್ಲವಾಯಿತು ಎಂದು. ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದೆ.

“ಮೊದಲ ಹೇಳೂದಲ್ಲೇನವಾ? ನಾ ಬರೂದ್ರಾಗ ಅಕಿ ಎದ್ದು ಒಳಗಿರತಿದ್ಲು. ದಿನಾ ಕುಂಡ್ರತಾಳ ಅಂತ ನನಗ ಹೆಂಗ ಗೊತ್ತಾಗಬೇಕು?” ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು.

ಅವತ್ತೇ ಹೋಗಿ ಮಡಿಚುವ ಕುರ್ಚಿ ತಂದರು, ಮೆತ್ತೆ ಇರುವಂಥದ್ದು. ಬಾಗಿಲ ಪಕ್ಕ ಹಾಕಿದರು. ನನಗೆ ಲಿಸ್ಬನ್ ನೆನಪಾಗಿ ಸ್ವಲ್ಪ ಆಸೆ ಹುಟ್ಟಿತು. ಆಯಿ ಕುರ್ಚಿಯನ್ನು ನೋಡಿ ವೈನಿಗೆ ಹೇಳಿದರು, ನನಗಲ್ಲ:

“ಗಾಡಿ ಮುಂದ ಕುರ್ಚಿ ಹಾಕ್ಕೊಂಡು ಕುಂತ್ರ ಕಾವಲಾ ಕುಂತಂಗ ಕಾಣ್ತದವಾ. ಗ್ವಾಡಿ ಮ್ಯಾಲೆ ಕುಂತ್ರ ಬರೇ ಕುಂತಂಗ.”

ನನ್ನ ಪ್ರಬಂಧದಲ್ಲಿ ಇಷ್ಟು ಸರಿಯಾದ ಒಂದು ವಾಕ್ಯವೂ ಇಲ್ಲ. ಅದಕ್ಕೆ ಸೇರಿಸಲು ಮನಸ್ಸು ಬರಲಿಲ್ಲ.

ಮೇ 6, ಬುಧವಾರ

ಬೇಗ ಬಂದೆ. ಮನೆಯಲ್ಲಿ ಆಯಿ ಇಲ್ಲ. ಸಿರಿಶಾ ಮೆಟ್ಟಿಲ ಮೇಲೆ ಫೋನ್ ನೋಡುತ್ತಿದ್ದಳು.

“ಶಿ ಗೋಸ್ ಟು ದ ಬಸ್ ಸ್ಟಾಪ್. ಎವ್ರಿ ಡೇ.”

“ಎಲ್ಲಿ ಹೋಗ್ತಾರ?”

“ನೋವೇರ್.” ಭುಜ ಹಾರಿಸಿದಳು. “ಡೋಂಟ್ ಟೆಲ್ ಡ್ಯಾಡ್.”

ಬೀದಿ ತಿರುವಿನವರೆಗೆ ಹೋದೆ. ಆಯಿ ಬಸ್ ಸ್ಟಾಪಿನ ಕೆಂಪು ಪಟ್ಟಿಯ ಮೇಲೆ ಕೂತಿದ್ದರು. ಅದು ಕೂರಲೆಂದು ಮಾಡಿದ್ದೇ ಅಲ್ಲ. ಗೇಣಗಲ, ಮುಂದಕ್ಕೆ ಇಳಿಜಾರು. ಯಾರೂ ಬಹಳ ಹೊತ್ತು ಕೂರಬಾರದು ಅಂತಲೇ ಹಾಗೆ. ಆಯಿ ಜಾರದಂತೆ ಎರಡೂ ಕಾಲು ಊರಿ, ಕೈ ಪಕ್ಕಕ್ಕೆ ಒತ್ತಿ ಹಿಡಿದಿದ್ದರು. ಬಸ್ಸು ಬಂತು, ಇವರಿಗಾಗಿ ನಿಂತಿತು, ಬಾಗಿಲು ತೆರೆಯಿತು. ಆಯಿ ಕೈ ಆಡಿಸಿದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಹತ್ತಿರ ಹೋಗದೆ ತಿರುಗಿ ಬಂದೆ.

ಮೇ 8, ಶುಕ್ರವಾರ

ಹೋದೆ. ಆ ತುದಿಯಲ್ಲಿ ಆಯಿ, ಈ ತುದಿಯಲ್ಲಿ ನಾನು. ನೋಡಿಯೂ ನೋಡದಂತಿದ್ದರು. ಬಾಯಿಪಾಠ ಮಾಡಿದ್ದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ.

“ತಪ್ಪಾತ್ರಿ, ಆಯಿ” ಅಂದೆ.

ಬೀದಿ ಕಡೆಗೇ ನೋಡುತ್ತಿದ್ದರು. ನಾಯಿಯವ ಹೋದ. ತಲೆದೂಗಿದರು.

“ನಾ ಟೇಪ್ ಹಿಡಿಯೂ ಮುಂದ ಹೇಳಬೇಕಿತ್ತು.”

“ಹೂನ್ರಿ.”

“ಹೇಳಿದ್ರ ನಾ ಏನ್ ಮಾಡತಿದ್ದೆ? ಅಳತಿದ್ದೆ ಅಂದ್ಕೊಂಡಿ? ಮಗಾ ದಿನಾ ಸೋತು ಬರ್ತಾನ, ನನಗ ಕಣ್ಣಿಲ್ಲೇನ? ಹಿಡೀತಿದ್ದೆ.” ಜಾರುತ್ತಿದ್ದ ಮೈಯನ್ನು ಒಮ್ಮೆ ಹಿಂದಕ್ಕೆ ಎಳೆದುಕೊಂಡರು. “ತಿಳದು ಹಿಡೀತಿದ್ದೆ.”

ನನಗೆ ಅಳು ಬಂತು. ಅವರು ನೋಡಲಿಲ್ಲ, ಸುಮ್ಮನಾಗು ಅನ್ನಲೂ ಇಲ್ಲ.

ಬಸ್ಸು ಬಂತು. ಬಾಗಿಲು ತೆರೆಯಿತು. ಆಯಿ ಕೈ ಆಡಿಸಿದರು. ಇವತ್ತಿನ ಡ್ರೈವರ್ ಮುಚ್ಚಲಿಲ್ಲ, ಬಗ್ಗಿ ನೋಡಿದ. ಇಬ್ಬರು ಕೂತಿದ್ದೇವೆ, ಒಬ್ಬಳು ಕಣ್ಣೊರೆಸುತ್ತಿದ್ದಾಳೆ.

“ಯೂ ಆಲ್‌ರೈಟ್? ಗೆಟಿಂಗ್ ಆನ್ ಆರ್ ನಾಟ್?”

“ಏನಂತಾನ?”

“ಹತ್ತತೀರೇನು ಅಂತಾನ್ರಿ.”

“ಹೇಳು ಅವಗ. ನಾವು ಎಲ್ಲಿಗೂ ಹೋಗಾವ್ರಲ್ಲ, ಬರೇ ಕುಂತೀವಿ ಅಂತ ಹೇಳು.”

ನಾನು ಎದ್ದು ನಿಂತೆ. ಕಿಟಕಿಗಳ ತುಂಬ ಮುಖಗಳು, ಎಲ್ಲವೂ ಈ ಕಡೆಗೆ. ಕೇಳುವಷ್ಟು ಗಟ್ಟಿಯಾಗಿ ಹೇಳಬೇಕಿತ್ತು. ಬಾಯಿ ತೆರೆದೆ, ಮತ್ತು ದನಿ ಎಲ್ಲೂ ಸಿಕ್ಕಿಕೊಳ್ಳದೆ ಹೊರಬಂತು: “ವಿ ಆರ್ ನಾಟ್ ಗೋಯಿಂಗ್ ಎನಿವೇರ್. ವಿ ಆರ್ ಜಸ್ಟ್ ಸಿಟಿಂಗ್.”