ನಡುಮನೆಯ ಎರಡು ತುತ್ತು

ತಿ. ನರಸೀಪುರ
22-6-2025, ಭಾನುವಾರ

ಗೆಳೆಯ ಬೋರಯ್ಯನಿಗೆ ಪುಟ್ಟಬಸವಯ್ಯ ಮಾಡುವ ನಮಸ್ಕಾರ.

ಇಲ್ಲಿ ನಾವು ಚೆನ್ನಾಗಿದ್ದೀವಿ. ನೀನು ಹೇಗಿದ್ದೀಯ ಅಂತ ಕೇಳೋಣ ಅಂದ್ರೆ ಫೋನು ಎತ್ತಲ್ಲ. ಎತ್ತದೆ ಇದ್ದದ್ದೂ ಒಳ್ಳೇದೇ ಆಯ್ತು. ಎತ್ತಿದ್ದರೆ ನಾನು ಬಯ್ತಿದ್ದೆ, ನೀನು ಕಟ್ ಮಾಡ್ತಿದ್ದೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕೋಕಾಗಲ್ಲ. ಬರೆಯೋದು ತಡ ಆಯ್ತು, ತಪ್ಪು ತಿಳೀಬೇಡ. ಸಿಟ್ಟು ಇಳಿಯಲಿ ಅಂತ ಕಾದೆ. ನಿನ್ನದಲ್ಲ, ನನ್ನದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಅಕ್ಷರ ಇದು. ಇಷ್ಟು ವರ್ಷ ನನ್ನ ಲಾಗ್‌ಶೀಟು ಓದಿದ ಕಂಡಕ್ಟರು ನೀನು, ಇದನ್ನೂ ಓದ್ತೀಯ. ಬೇರೆಯವರ ಕೈಲಿ ಓದಿಸಬೇಡ.

ಸುತ್ತಿ ಬಳಸಿ ಬರೆಯೋಕೆ ನನಗೆ ಬರಲ್ಲ. ನಿನ್ನ ಮಗಳು ಶಾಲಿನಿಯ ಬೀಗರೂಟದ ದಿನ ನಾನು ನಿನ್ನ ಮನೆಯ ಎಲೆ ಬಿಟ್ಟು ಎದ್ದೆ. ಹಿತ್ತಲಿಗೆ ಹೋಗಿ ಉಗುಳಿದೆ. ನೀನು ಹಿಂದೇನೆ ಬಂದು, "ಎಷ್ಟ್ ವರ್ಸದ ಸೇಡು ತೀರಿಸ್ಕಂಡ್ಯಲಾ?" ಅಂತ ಕೇಳಿದೆ. ನಾನು "ಊಂ ಕಣ್ಲಾ, ತೀರಿಸ್ಕಂಡೆ" ಅಂದೆ. ಆವತ್ತಿಂದ ನಿನಗೂ ನನಗೂ ಮಾತಿಲ್ಲ. ನಾನು ಆವತ್ತು ಅಂದದ್ದು ಸುಳ್ಳು. ಅದು ಸುಳ್ಳು ಅಂತ ಹೇಳೋಕೇ ಈ ಕಾಗದ.

ಜನವರಿಯಲ್ಲಿ ಮೈಸೂರಿಗೆ ಹೋಗಿ ಹರ್ನಿಯಾ ಆಪರೇಶನ್ ಮಾಡಿಸಿಕೊಂಡೆ ಅಂತ ನಿನಗೆ ಹೇಳಿದ್ದೆನಲ್ಲ, ಹರ್ನಿಯಾನೂ ಇಲ್ಲ ಮಣ್ಣೂ ಇಲ್ಲ. ಹೊಟ್ಟೆ ಸಣ್ಣ ಮಾಡಿಸಿಕೊಂಡೆ. ಹೊರಗೆ ಕಾಣುವ ಹೊಟ್ಟೆಯಲ್ಲ, ಒಳಗೆ ಅನ್ನ ಬೀಳುವ ಚೀಲ. ಅದರಲ್ಲಿ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಮಿಕ್ಕಿದ್ದಕ್ಕೆ ಪಿನ್ನು ಹೊಡೆದು ಮುಚ್ಚಿದ್ದಾರೆ. ಈಗ ನನ್ನ ಹೊಟ್ಟೆ ಒಂದು ಬಾಳೆಕಾಯಿ ಗಾತ್ರ.

ರಿಟೈರ್ ಆದ ಮೇಲೆ ನನ್ನ ತೂಕ ನೂರಾ ಮೂವತ್ತು ದಾಟಿತ್ತು. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದೆ ಸೂಜಿಗೆ ಬಂದಿತ್ತು. ಮಲಗಿದರೆ ಉಸಿರು ಕಟ್ಟೋದು. ನನ್ನ ಹೆಂಡತಿ ಮಂಚಮ್ಮ ಎದ್ದು ಕೂತು ನನ್ನ ಮೂಗಿನ ಹತ್ತಿರ ಕೈ ಹಿಡಿದು ನೋಡೋಳು. ಕೊನೆಗೆ ಮಗನ ಹತ್ತಿರ, "ಇವ್ರು ಉಸ್ರಾಡ್ತವ್ರಾ ಇಲ್ವಾ ಅಂತ ನೋಡಾದೇ ನಂಗೊಂದು ಕೆಲ್ಸ ಆಗೋಯ್ತು ಕಣಪ್ಪ" ಅಂತ ಅತ್ತಳಂತೆ. ಜಗನ್ ನಂಜನಗೂಡು ಫ್ಯಾಕ್ಟರಿಗೆ ರಜ ಹಾಕಿ ನನ್ನನ್ನು ಎಳಕೊಂಡು ಹೋದ. ನಿನಗೆ ಯಾಕೆ ಸುಳ್ಳು ಹೇಳಿದೆ ಅಂದ್ರೆ, ನೀನು ನಗ್ತಿದ್ದೆ. "ಬಾಯಿ ಕಟ್ಟಕಾಗ್ದೆ ಒಟ್ಟೆ ಕುಯ್ಸ್ಕಂಡ" ಅಂತ ಡಿಪೋಗೆಲ್ಲ ಟಿಕೆಟ್ ಹರಿದು ಹಂಚುತ್ತಿದ್ದೆ. ಹಂಚುತ್ತಿರಲಿಲ್ಲ ಅಂತ ನಿನ್ನ ಮಗಳ ಮೇಲೆ ಆಣೆ ಇಡು ನೋಡೋಣ.

ಆಪರೇಶನ್ ಆದ ಮಾರನೇ ದಿನ ನಾನು ಮೊದಲು ಕೇಳಿದ್ದು, ಕುಯ್ದು ತೆಗೆದದ್ದು ಎಲ್ಲಿ ಅಂತ. ನಂದಿತಾ ಅಂತ ಒಬ್ಬಳು ನರ್ಸು, "ಅದ್ಯಾಕೆ ತಾತ ನಿಮಗೆ?" ಅಂದಳು. "ನಂದು ತಾನೆ? ನೋಡ್ಬೇಕು" ಅಂದೆ. "ಟೆಸ್ಟಿಗೆ ಕಳ್ಸಿದ್ದಾರೆ, ವಾಪಸ್ ಕೊಡಲ್ಲ." "ಕೊಡಬೇಡ ಕಣವ್ವ, ತೋರ್ಸು." ಬಿಡಲಿಲ್ಲ ನಾನು. ಸಂಜೆ ಡಾಕ್ಟರೇ ಬಂದು ಫೋನಲ್ಲಿ ಫೋಟೋ ತೋರಿಸಿದರು. ಕುರಿ ಕುಯ್ದಾಗ ನೋಡಿದ್ದೀಯಲ್ಲ, ಅದೇ ತರ. ಇಷ್ಟೇನಾ ಅನ್ನಿಸ್ತು. ಇಷ್ಟುದ್ದ ಚೀಲ ತುಂಬಿಸೋಕೆ ಇಡೀ ಜನ್ಮ ಸ್ಟೇರಿಂಗ್ ತಿರುಗಿಸಿದೆನಾ?

ಡಾಕ್ಟರು ಇನ್ನೊಂದು ಹೇಳಿದರು. ಹಸಿವು ಹುಟ್ಟಿಸುವ ರಸ ಹೆಚ್ಚಾಗಿ ಆ ತುಂಡಿನಲ್ಲೇ ತಯಾರಾಗೋದಂತೆ. ತುಂಡು ಹೋಯ್ತಲ್ಲ, ಕೆಲವು ತಿಂಗಳು ಹಸಿವೂ ಇರಲ್ಲ ಅಂದರು. ನಾನು ನಂಬಲಿಲ್ಲ. ಪರೀಕ್ಷೆ ಮಾಡೋಣ ಅಂತ ಒಂದು ದಿನ ಬೇಕಂತಲೇ ಏನೂ ತಿನ್ನದೆ ನಂಜನಗೂಡು ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲ್ ಮುಂದೆ ನಿಂತೆ. ದೋಸೆ ಹುಯ್ಯೋದು ನೋಡಿದೆ. ವಾಸನೆ ಚೆನ್ನಾಗೇ ಬಂತು. ಒಳಗೆ ಮಾತ್ರ ಇಂಜಿನ್ ಆಫ್ ಮಾಡಿದ ಬಸ್ಸಿನಲ್ಲಿ ಕೂತ ಹಾಗಿತ್ತು. ಹೋಟೆಲಿನವನು, "ಯಜಮಾನ್ರೆ, ತಿನ್ನಂಗಿದ್ರೆ ಒಳಿಕ್ ಬನ್ನಿ, ಇಲ್ದಿದ್ರೆ ಜಾಗ ಬುಡಿ" ಅಂದ. ಅವನಿಗೆ ನಾಕು ಬಯ್ದು ಬಂದೆ. ಆದರೆ ಯೋಚನೆ ಹತ್ತಿತು. ಹಸಿವೇ ಇಲ್ಲದ ಮನುಷ್ಯ ಯಾವ ಹೊತ್ತಿಗೆ ಉಣ್ಣಬೇಕು ಹೇಳು? ಮಂಚಮ್ಮ ಫೋನಲ್ಲಿ ಅಲಾರಂ ಇಟ್ಟಿದ್ದಾಳೆ. ಅದು ಬಡಕೊಂಡರೆ ಊಟ. ರಿಟೈರ್ ಆದ ಮೇಲೂ ಟೈಮ್‌ಟೇಬಲ್ಲು ತಪ್ಪಲಿಲ್ಲ.

ಊಟ ಅಂದ್ರೆ ಒಂದು ಸಣ್ಣ ಬಟ್ಟಲು. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ. ಅಗಿದು ಅಗಿದು ಗಂಜಿ ಮಾಡಿ ಒಳಕ್ಕೆ ಬಿಡಬೇಕು. ಅಗಿಯೋದು ಕಲಿತ ಮೇಲೆ ಏನೇನೋ ಗೊತ್ತಾಗ್ತಿದೆ. ರಸಬಾಳೆ ಹಣ್ಣು ಮೊದಲು ಸಿಹಿ, ಆಮೇಲೆ ನಾಲಿಗೆ ಅಂಚಿಗೆ ಒಂದು ಸಣ್ಣ ಹುಳಿ ಬರುತ್ತೆ ಕಣಯ್ಯ, ನಿನಗೆ ಗೊತ್ತಿತ್ತಾ? ಕೂತಲ್ಲೇ ಅರ್ಧ ಚಿಪ್ಪು ಮುಗಿಸ್ತಿದ್ದ ನನಗೆ ಗೊತ್ತಿರಲಿಲ್ಲ. ಇನ್ನೊಂದು ದಿನ, ಸಿಹಿ ತಿನ್ನಬೇಡಿ ಅಂದಿದ್ದರಲ್ಲ, ತಿಂದರೆ ಏನಾಗುತ್ತೆ ನೋಡೇಬಿಡೋಣ ಅಂತ ಒಂದು ಅಚ್ಚು ಬೆಲ್ಲ ಬಾಯಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಎದೆ ಡಬಡಬ, ಮೈಯೆಲ್ಲ ಬೆವರು, ಕೈ ನಡುಕ. ಮಂಚಮ್ಮ "ಅರವತ್ತೆರಡಾದ್ರೂ ಮಗೀನ ಬುದ್ಧಿ" ಅಂತ ಬೆಲ್ಲದ ಡಬ್ಬಿಯನ್ನೇ ಪಕ್ಕದ ಮನೆ ಚಿಕ್ಕಬಸಮ್ಮನ ಹತ್ತಿರ ಇಟ್ಟು ಬಂದಳು. ಈಗ ಕಾಫಿ ಮಾಡೋಕೂ ಅಲ್ಲಿಗೆ ಹೋಗ್ತಾಳೆ.

ತೂಕ ಮೂವತ್ತು ಕೆಜಿ ಮೇಲೆ ಇಳಿದಿದೆ. ಸೂಜಿ ನಿಂತಿದೆ. ಮಂಚಮ್ಮ ಬೆಳಗಾಗೋವರೆಗೂ ನಿದ್ದೆ ಮಾಡ್ತಾಳೆ, ಅದೇ ದೊಡ್ಡ ಲಾಭ. ಆದರೆ ತಲೆಗೂದಲು ಬಾಚಣಿಗೆಗೆ ಬರ್ತಿದೆ. ತೋಳಿನ ಚರ್ಮ ಒಣಗಲು ಹಾಕಿದ ಪಂಚೆ ಹಾಗೆ ಜೋತು ಬಿದ್ದಿದೆ. ಬಸ್‌ಸ್ಟ್ಯಾಂಡಲ್ಲಿ ನಮ್ಮ ಡಿಪೋ ಮಾದಯ್ಯ ಎದುರಿಗೇ ಬಂದು ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ, "ಏನ್ ಡ್ರೈವರ್ರೇ, ದೊಡ್ ಕಾಯ್ಲೆನಾ? ಡಾಕ್ಟ್ರು ಎಷ್ಟ್ ದಿನ ಅಂದವ್ರೆ?" ಅಂತ ಕೇಳಿದ. "ನಿನ್ ತಿಥಿ ಊಟ ಮಾಡಗಂಟ ಇರ್ತೀನಂತೆ" ಅಂದೆ. ಕನ್ನಡಿ ನೋಡಿದರೆ ಈಗ ನಮ್ಮಪ್ಪ ಕಾಣಿಸ್ತಾನೆ. ಅದೇ ಕೆನ್ನೆ, ಅದೇ ಕತ್ತು. ಕಂಡವರ ಗದ್ದೆಯಲ್ಲಿ ಗೇಯ್ದು ಸತ್ತ ಮನುಷ್ಯ. ಕೆನ್ನೆ ಇಷ್ಟು ಇಳಿಯೋಕೆ ಅವನಿಗೆ ಆಪರೇಶನ್ ಬೇಕಿರಲಿಲ್ಲ.

ಈಗ ಬೀಗರೂಟಕ್ಕೆ ಬರ್ತೀನಿ. ಮದುವೆ ದಿನ ನಂಜನಗೂಡಿನ ಛತ್ರದಲ್ಲಿ ಜನ ನೂಕಾಡ್ತಿದ್ದರು, ಊಟ ಆಯ್ತು ಅಂತ ಹೇಳಿ ತಪ್ಪಿಸಿಕೊಂಡೆ. ಬೀಗರೂಟಕ್ಕೆ ನಿಮ್ಮೂರು ಹೆಮ್ಮರಗಾಲಕ್ಕೆ ಬರುವಾಗಲೂ ಅದೇ ಲೆಕ್ಕಾಚಾರ. ಶಾಮಿಯಾನದ ಕೆಳಗೆ ಮೂಲೆ ಹಿಡಿದು, ಚೂರು ಅನ್ನ ಕಲಸಿ, ಎಲೆ ಮಡಚಿ ಎದ್ದುಬಿಡೋದು. ಜಗನ್ "ಇದ್ದದ್ದು ಹೇಳ್ಬುಡಪ್ಪ, ಅವ್ರು ನಿನ್ ಫ್ರೆಂಡಲ್ವಾ" ಅಂದಿದ್ದ. ನಾನು ಕೇಳಲಿಲ್ಲ.

ನೀನು ಬಂದು ಕೈ ಹಿಡಿದೆ. "ಏ ಡ್ರೈವರ್ರೇ, ಇಲ್ಯಾಕ್ಲಾ ಕೂತಿದ್ದೀಯೆ? ಒಳಿಕ್ ನಡಿ" ಅಂದೆ. ನಡುಮನೆಯಲ್ಲಿ ಬೀಗರ ಪಂಕ್ತಿ. ನಿನ್ನ ಅಳಿಯನ ಪಕ್ಕದಲ್ಲೇ ನನ್ನ ಎಲೆ. ಹೊಸಲು ದಾಟುವಾಗ ಒಳಗೆ ಏನೋ ಗುರ್ ಅಂತು. ಹಸಿವೇ ಇರಬೇಕು ಅನ್ನಿಸ್ತು. ತಿಂಗಳುಗಟ್ಟಲೆ ಇಲ್ಲದ್ದು ಅಲ್ಲಿ ಹೇಗೆ ಬಂತು, ಮುಂದಿನ ಸಲ ಡಾಕ್ಟರನ್ನೇ ಕೇಳಬೇಕು. ನೀನು "ಎರಡು ಮುದ್ದೆ ಮಡಗ್ರೋ ಇವ್ನಿಗೆ, ನಮ್ ರೂಟಲ್ಲೇ ಇವ್ನಷ್ಟು ಉಣ್ಣೋನಿಲ್ಲ" ಅಂದೆ. ಬೀಗರೆಲ್ಲ ನಕ್ಕು ನನ್ನ ಎಲೆ ಕಡೆ ತಿರುಗಿದರು.

ಮುದ್ದೆ ಅಗಿಯೋ ವಸ್ತುವಲ್ಲ, ನಿನಗೂ ಗೊತ್ತು. ಸಾರಿನಲ್ಲಿ ಉರುಳಿಸಿ ನುಂಗಬೇಕು. ಹಲ್ಲಿಗೆ ತಗುಲಿಸಿದವನನ್ನು ನಮ್ಮ ಕಡೆ ಊರೆಲ್ಲ ಆಡಿಕೊಳ್ಳುತ್ತೆ. ನಿಮ್ಮ ಮನೆ ಮುದ್ದೆಯನ್ನು ಬೀಗರ ಮುಂದೆ ಕೂತು ಮೇಕೆ ಹಾಗೆ ಅಗಿಯಲೇನು? ನುಂಗಿದೆ. ಮೊದಲನೇ ತುತ್ತು ಇಳಿಯಿತು. ಎರಡನೇದು ಎದೆಗೂಡಲ್ಲಿ ನಿಂತುಬಿಡ್ತು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಬಾಯಲ್ಲಿ ನೊರೆ, ಕಣ್ಣಲ್ಲಿ ನೀರು. ಪಂಕ್ತಿ ಮುಗಿಯೋ ಮೊದಲು ಏಳಬಾರದು ಅಂತ ತಿಳಿಯದವನೇ ನಾನು? ಕೂತಿದ್ದರೆ ನಿನ್ನ ಅಳಿಯನ ಎಲೆ ಪಕ್ಕದಲ್ಲೇ ಕಕ್ಕುತ್ತಿದ್ದೆ. ಅದಕ್ಕೇ ಹಿತ್ತಲಿಗೆ ಓಡಿದೆ.

ಅಲ್ಲಿ ನಿನ್ನ ಚಿಕ್ಕಪ್ಪ ಕಲ್ಲಯ್ಯ ಮಂಚದ ಮೇಲೆ ಕೂತಿದ್ದ. "ನೋಡ್ಲಾ ಬೋರ! ಕೇರಿಯವ್ನ ನಡುಮನ್ಗೆ ಕರ್ದು ಕೂರ್ಸುದ್ರೆ ಇಂಗೇ ಆಗಾದು. ನಮ್ಮನೆ ಅನ್ನ ಉಗುದ್ಬುಟ್ಟ!" ಅಂತ ಕೂಗಿದ. ನೆಂಟರೆಲ್ಲ ಬಾಗಿಲಿಗೆ ಬಂದರು. ಅವರಿಗೆ ಕಂಡದ್ದು ಅಷ್ಟೇ. ಊರವನು ಕೇರಿಯವನನ್ನು ಒಳಗೆ ಕರೆದು ಮರ್ಯಾದೆ ಮಾಡಿದ, ಕೇರಿಯವನು ಉಗುಳಿ ಎದ್ದ. ಕಲ್ಲಯ್ಯನಿಗೆ ಹಾಗೆ ಕಂಡರೆ ನನಗೇನೂ ಇಲ್ಲ. ನಿನಗೂ ಹಾಗೇ ಕಂಡಿತಲ್ಲ, ಅದಕ್ಕೆ ಸಿಟ್ಟು ಬಂತು. ಆಪರೇಶನ್ ಅಂತ ಒಂದು ಮಾತು ಅಂದಿದ್ದರೆ ಮುಗೀತಿತ್ತು. ನೀನು ಸೇಡು ಅಂದ ಮೇಲೆ ನನ್ನ ಬಾಯಿಗೆ ಆ ಮಾತು ಬರಲಿಲ್ಲ. ಬಾಯಿ ಒರೆಸಿಕೊಂಡು, ನಿನಗೆ "ಊಂ" ಅಂದು, ಬಸ್ಸು ಹತ್ತಿದೆ.

23ನೇ ತಾರೀಕು, ಸೋಮವಾರ

ನಿನ್ನೆ ಅಲಾರಂ ಬಡಕೊಂಡಿತು, ಅಲ್ಲಿಗೇ ನಿಲ್ಲಿಸಿದ್ದೆ. ಇವತ್ತು ಬೆಳಿಗ್ಗೆ ಮಂಚಮ್ಮ ಇದಿಷ್ಟನ್ನೂ ನನ್ನ ಕೈಲಿ ಓದಿಸಿಕೊಂಡಳು. ಮೊಸರು ಕಡೆಯುತ್ತಾ ಕೇಳಿದಳು. ಕೊನೆಗೆ, "ಅಲ್ಲಾ, ನುಂಗುದ್ರೆ ಸಿಕ್ಕಾಕತದೆ ಅಂತ ಗೊತ್ತಿತ್ತು ನಿಮ್ಗೆ. ಬೀಗ್ರು ನೋಡ್ತಾರೆ ಅಂತ ನುಂಗುದ್ನಿ ಅಂತ ಬರ್ದಿದ್ದೀರಿ. ನೀವು ಯಾವತ್ತು ಯಾರು ನೋಡ್ತಾರೆ ಅಂತ ಎದ್ರಿದ್ರಿ?" ಅಂದಳು. "ಸುಮ್ನೆ ಕಡಿ, ಬೆಣ್ಣೆ ಬರ್ಲಿ" ಅಂತ ರೇಗಿದೆ. ಅವಳು ಸುಮ್ಮನಾಗಲಿಲ್ಲ. "ಬರ್ದ್ರೆ ಪೂರ್ತಿ ಬರೀರಿ, ಇಲ್ದಿದ್ರೆ ಅರ್ದಾಕಿ" ಅಂತ ಒಳಗೆ ಹೋದಳು.

ಬೋರಯ್ಯ, ಸೇಡು ಅಲ್ಲ. ಅಷ್ಟು ನಂಬು. ನಂಬೋಕಾಗದಿದ್ದರೆ ಇಲ್ಲಿಗೆ ಬಾ, ಹೊಟ್ಟೆ ಮೇಲಿನ ತೂತಿನ ಗಾಯ ತೋರಿಸ್ತೀನಿ, ಡಾಕ್ಟರ ಚೀಟಿ ತೋರಿಸ್ತೀನಿ. ಬಂದ ದಿನ ಮಂಚಮ್ಮನ ಕೈಲಿ ಕೋಳಿ ಸಾರು ಮಾಡಿಸ್ತೀನಿ. ನೀನು ನುಂಗು, ನಾನು ಅಗೀತೀನಿ. ಕಲ್ಲಯ್ಯನನ್ನೂ ಕರಕೊಂಡು ಬಾ ಬೇಕಾದ್ರೆ, ಅವನಿಗೆ ಹೇಳೋದು ಎರಡು ಮಾತಿದೆ.

ಶಾಲಿನಿಗೂ ಅಳಿಯನಿಗೂ ನನ್ನ ಆಶೀರ್ವಾದ. ಆ ಹುಡುಗ ಒಳ್ಳೆಯವನು. ನಾನು ಓಡುವಾಗ ಊಟ ಬಿಟ್ಟು ನೀರಿನ ಚೊಂಬು ಹಿಡಕೊಂಡು ಹಿಂದೆ ಬಂದವನು ಅವನೊಬ್ಬನೇ. ಅವರು ನೂರು ಕಾಲ ಚೆನ್ನಾಗಿ ಉಂಡು ತಿಂದು ಬಾಳಲಿ. ನಿನ್ನ ಮೈ ಕೈ ಗಟ್ಟಿಯಾಗಿರಲಿ.

ಇಂತಿ,
ಪುಟ್ಟಬಸವಯ್ಯ

ಮತ್ತೆ: ಇದನ್ನು ಮರೆತಿದ್ದೆ ಅಂತ ಬರೆಯಲ್ಲ, ಮರೆತಿರಲಿಲ್ಲ. ಮಂಚಮ್ಮ ಕೇಳಿದ್ದಕ್ಕೆ ಉತ್ತರ ಇದು. ನಿಮ್ಮೂರಲ್ಲಿ ನಮ್ಮ ಬಸ್ಸಿನ ನೈಟ್ ಹಾಲ್ಟ್ ಇತ್ತಲ್ಲ, ಆ ವರ್ಷಗಳಲ್ಲಿ ಬಸ್ಸು ನಿಲ್ಲಿಸಿದ ಮೇಲೆ ನೀನು ಉಣ್ಣೋಕೆ ಮನೆಗೆ ಹೋಗ್ತಿದ್ದೆ. ಬರುವಾಗ ನನಗೆ ಕ್ಯಾರಿಯರ್ ತರ್ತಿದ್ದೆ. ನಿಮ್ಮವ್ವ ರಾಚಮ್ಮನ ಕೈಯಡಿಗೆ. ಬಿಸಿ ಆರದಿರಲಿ ಅಂತ ಓಡಿಕೊಂಡು ಬರ್ತಿದ್ದೆ, ನಾನು ಕನ್ನಡಿಯಲ್ಲಿ ನೋಡ್ತಿದ್ದೆ. ಡ್ರೈವರ್ ಸೀಟಲ್ಲೇ ಕೂತು ಉಂಡು, ತೊಳೆದು ಕೊಡ್ತಿದ್ದೆ. ನಿಮ್ಮ ಮನೆ ಸಾರಿನ ರುಚಿ ನನಗೆ ಗೊತ್ತು, ನಿಮ್ಮ ಮನೆ ಒಳಗೋಡೆಗೆ ಯಾವ ಬಣ್ಣ ಅಂತ ಗೊತ್ತಿರಲಿಲ್ಲ. ಬೀಗರೂಟದ ದಿನ ನೋಡಿದೆ, ಹಸಿರು. ಆವತ್ತು ಅಲ್ಲಿ ಕೂತಾಗ, ಆ ಮನೆಯವರು ಹೇಗೆ ಉಣ್ಣುತ್ತಾರೋ ಹಾಗೇ ಉಣ್ಣಬೇಕು ಅನ್ನಿಸಿಬಿಡ್ತು. ಅದಕ್ಕೇ ನುಂಗಿದೆ. ಎರಡು ಮುದ್ದೆ ಹಿಡಿಯೋ ಹೊಟ್ಟೆ ಇದ್ದಾಗ ನೀನು ಕರೀಲಿಲ್ಲ ಬೋರಯ್ಯ.

ಒಂದು ಕೇಳ್ತೀನಿ, ಸಿಟ್ಟಿನಿಂದ ಅಲ್ಲ, ತಿಳ್ಕೊಳ್ಳೋಕೆ. ಅಷ್ಟು ವರ್ಷದಲ್ಲಿ ಒಂದು ದಿನವಾದರೂ ನಿಮ್ಮವ್ವನ್ನ ಕೇಳಿದ್ದೆಯಾ, ಅವನನ್ನ ಒಳಕ್ಕೆ ಕರೀಲಾ ಅಂತ? ಅವಳು ಏನಂದಳು ಅನ್ನೋದು ನನಗೆ ಬೇಡ. ಹಳೇ ಕಾಲದವಳು, ಈಗ ಇಲ್ಲ, ಬೇಡ ಅಂದಿದ್ದರೂ ನನಗೆ ಬೇಜಾರಿಲ್ಲ. ನೀನು ಕೇಳಿದ್ದೆಯೋ ಇಲ್ಲವೋ, ಅಷ್ಟು ಮಾತ್ರ ಬರೆ.